ಸೊಸೆಹೂವು ಹೋದ ದಾರಿ

ಮನೆಯಿಂದ,
ನವೆಂಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದ.

ಆರೋಗ್ಯವಾಗಿದ್ದೀಯ? ಬೆರಳ ಸಂದಿಯ ಚರ್ಮ ಬಿರಿಯುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಆ ದೊಡ್ಡ ಹೋಟೆಲಿನವರು ಬಳಸುವ ಸೋಪಿನ ಪುಡಿ ಖಾರದ್ದಿರಬೇಕು. ಮಲಗುವ ಮುಂಚೆ ಎಣ್ಣೆ ಹಚ್ಚಿ ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗು. ನೋಡುವವರು ನಕ್ಕರೆ ನಗಲಿ, ಕೈ ಅವರದ್ದಲ್ಲ. ಇಲ್ಲಿ ಎಲ್ಲರೂ ಸೌಖ್ಯ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತದೆ. ಡಾಕ್ಟರು ನಡೆಯಬೇಕು ಅಂದರು. ಈಚೆಗೆ ಅವರು ಹೇಳಿದ್ದಕ್ಕಿಂತ ಹೆಚ್ಚೇ ನಡೆದಿದ್ದೇನೆ. ಯಾಕೆ ನಡೆದೆ ಎನ್ನುವುದನ್ನೇ ಈ ಕಾಗದದಲ್ಲಿ ಬರೆಯಬೇಕೆಂದಿದ್ದೇನೆ.

ಅದಕ್ಕೆ ಮುಂಚೆ ನಿನ್ನ ಕಾಗದದ ವಿಷಯ. ಬಟ್ಟೆ ಒಗೆದು ಒಣಗಿಸುವ ಯಂತ್ರದ ಕೆಲಸ ಕಲಿಯಲು ಆ ಹೋಟೆಲಿಗೆ ಆರು ತಿಂಗಳ ಮಟ್ಟಿಗೆ ಹೋದವಳನ್ನು ಈಗ ಕಾಯಂ ಮಾಡಿಕೊಳ್ಳುತ್ತೇವೆ ಅಂದಿದ್ದಾರೆ, ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು, ಇರಲು ಮನೆಯನ್ನೂ ಕೊಡುತ್ತಾರೆ ಎಂದು ಬರೆದಿದ್ದೀಯ. ಓದಿದೆ. ಆ ಬಗ್ಗೆ ನಾನು ಏನೂ ಹೇಳುವುದಿಲ್ಲ. ಕೇಳಿದ್ದರೆ ಹೇಳಬಹುದಿತ್ತು. ನೀನು ಕೇಳಿಲ್ಲ, ತಿಳಿಸಿದ್ದೀಯ. ನಿನ್ನ ಗಂಡ ಆ ಕಾಗದ ಓದಿ, ಮಡಿಚಿ ಜೇಬಿಗೆ ಹಾಕಿಕೊಂಡು, ವ್ಯಾನು ತೊಳೆಯಲು ಹೋದ. ಬೆಳಿಗ್ಗೆ ತೊಳೆದಿದ್ದ ವ್ಯಾನು. ನಾನು ಕಿಟಕಿಯಿಂದ ನೋಡಿದೆ, ಕರೆಯಲಿಲ್ಲ. ನಿಮ್ಮಿಬ್ಬರ ಬದುಕು, ನೀವೇ ಯೋಚಿಸಿ.

ಈಗ ಹೂವಿನ ಕಥೆ. ನೀನು ಮದುವೆಯಾಗಿ ಬಂದ ಎರಡನೆಯ ವರ್ಷ, ಬಸ್ಸು ಕೆಟ್ಟು ನಿಂತ ಕಡೆ ರಸ್ತೆ ಬದಿಯಲ್ಲಿ ಅರಳಿದ್ದ ಕಾಡುಹೂವಿನ ಬೀಜವನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿಕೊಂಡು ಬಂದಿದ್ದೆ, ನೆನಪಿದೆಯೆ? 'ಬಟ್ಟೆ ಒಣಗಿಸೋ ಬಯಲಲ್ಲಿ ಹೂವಿನ ಶೋಕಿ ಯಾಕೆ' ಎಂದು ನಾನು ಕೇಳಿದ್ದಕ್ಕೆ, 'ಅತ್ತೆ, ಇಡೀ ದಿನ ಬಿಳೀನೇ ನೋಡಿ ನೋಡಿ ಕಣ್ಣಿಗೆ ಬೇಜಾರಾಗಲ್ವಾ' ಅಂದಿದ್ದೆ. ನಾನೇ ಸೋಪಿನ ಖಾಲಿ ಡಬ್ಬ ಒಂದನ್ನು ಕೊಟ್ಟೆ. ಗೇಟಿನ ಪಕ್ಕ ಆ ಡಬ್ಬದಲ್ಲಿ ಮೊದಲ ಹೂವು ಬಿಟ್ಟಾಗ, ಬೆಂಕಿ ಕಡ್ಡಿ ಗೀರಿದ ಕ್ಷಣದ ಬಣ್ಣ. ಬಟ್ಟೆ ಕೊಡಲು ಬಂದವರೆಲ್ಲ ನಿಂತು ನೋಡುತ್ತಿದ್ದರು. ಯಾರು ನೆಟ್ಟದ್ದು ಎಂದು ಕೇಳಿದರೆ ನಾನು 'ನಮ್ಮನೇದು' ಅನ್ನುತ್ತಿದ್ದೆ. ಕೆಲಸದವರು ಅದಕ್ಕೆ ಸೊಸೆಹೂವು ಎಂದು ಹೆಸರಿಟ್ಟರು. ಮಾರನೆಯ ವರ್ಷ ಡಬ್ಬದಿಂದ ಇಳಿಯಿತು. ಅದರ ಮಾರನೆಯ ವರ್ಷ ತಂತಿ ಕಂಬಗಳ ಬುಡ ಹಿಡಿಯಿತು. ನೀನು ಹೋದ ಮೇಲೆ ನೋಡುವವರಿಲ್ಲದೆ ಬಯಲನ್ನೆಲ್ಲ ಆವರಿಸಿ ನನ್ನ ಎದೆಯೆತ್ತರ ಬೆಳೆದು ನಿಂತಿತು. ಬೆಡ್‌ಶೀಟು ಒಣಹಾಕಿದರೆ ಅದರ ಅಂಚು ಹೂವಿನ ತಲೆ ಸವರುತ್ತಿತ್ತು. ಚೆಂದವಾಗಿಯೇ ಇತ್ತು, ಸುಳ್ಳು ಹೇಳಬಾರದು.

ಕುತೂಹಲ ಶುರುವಾದದ್ದು ಮಂಡಿಯಿಂದ. ಡಾಕ್ಟರಿಗೆ ತೋರಿಸಿಕೊಂಡು ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದೆ. ನಮ್ಮ ಗಂಟುಗಳನ್ನು ಇಳಿಸುವ ಬಾಗಿಲು ಅದೇ. ಮೆಟ್ಟಿಲ ಬಿರುಕಿನಿಂದ, ಚರಂಡಿಯ ಅಂಚಿನಿಂದ, ಹಳೆಯ ಮಂಚಗಳನ್ನು ಒಟ್ಟಿದ್ದಾರಲ್ಲ ಅದರ ಸಂದಿಯಿಂದ, ಸಾಲಾಗಿ ತಲೆ ಎತ್ತಿ ನಿಂತಿದೆ ಸೊಸೆಹೂವು! ಪರಿಚಯದವರನ್ನು ಪರ ಊರಿನಲ್ಲಿ ಕಂಡ ಹಾಗಾಯಿತು. 'ನೀನಿಲ್ಲಿ ಯಾಕೆ ಬಂದೆ' ಎಂದು ಬಾಯಿಬಿಟ್ಟೇ ಕೇಳಿದೆನಂತೆ, ಪಕ್ಕದಲ್ಲಿದ್ದ ಕಾವಲುಗಾರ ತನ್ನನ್ನು ಕೇಳಿದ್ದೆಂದು ತಿಳಿದು 'ಡ್ಯೂಟಿ ಅಮ್ಮ' ಅಂದ.

ಮನೆಗೆ ಬಂದು ಹೇಳಿದರೆ ನಿನ್ನ ಗಂಡ, 'ಗಾಳಿಗೆ ಹೋಗಿರುತ್ತೆ ಬಿಡಮ್ಮ' ಅಂದ. ಅವನಿಗೆ ಏನು ಕೇಳಿದರೂ ಬಿಡಮ್ಮ. ಎರಡು ದಿನ ಬಿಟ್ಟು ಸಲೂನಿನ ಮುಂದೆ ಹೋಗುವಾಗ ಅದರ ಬಾಗಿಲ ಬುಡದಲ್ಲೂ ಕಂಡೆ. ಗಾಳಿ ಎಂದಮೇಲೆ ಎಲ್ಲ ಕಡೆ ಬೀಸಬೇಕು. ಸಲೂನಿಗೆ ಬಂದ ಗಾಳಿ ಪಕ್ಕದ ಟೈಲರ್ ಅಂಗಡಿಗೆ ಯಾಕೆ ಹೋಗಲಿಲ್ಲ? ನಾನು ಓದಿದ್ದು ಹೈಸ್ಕೂಲಿನವರೆಗಾದರೂ ಓದಿದ್ದು ಗಟ್ಟಿಯಾಗಿ. ಬೀಜ ಪ್ರಸಾರ ಎಂದು ಒಂದು ಪಾಠವೇ ಇತ್ತು, ಗಾಳಿಯಿಂದ, ನೀರಿನಿಂದ, ಪ್ರಾಣಿ ಪಕ್ಷಿಗಳಿಂದ ಎಂದು ಚಿತ್ರ ಬಿಡಿಸಿ ಬಣ್ಣ ಹಚ್ಚಿದ್ದೆ. ಈ ಬೀಜವನ್ನು ಅಂಗೈಯಲ್ಲಿಟ್ಟು ಕನ್ನಡಕ ಹಾಕಿ ನೋಡಿದೆ. ಕಪ್ಪು ಸೂಜಿಯ ಹಾಗಿದೆ, ತುದಿಗೆ ಎರಡು ಸಣ್ಣ ಕೊಕ್ಕೆ. ಹತ್ತಿ ಬಟ್ಟೆಗೆ ಮುಟ್ಟಿಸಿದೆ, ಹಿಡಿದುಕೊಂಡಿತು. ಎಳೆದೆ, ಬಿಡಲಿಲ್ಲ. ಇದು ಹಾರುವ ಜಾತಿಯಲ್ಲ, ಜೋತುಬೀಳುವ ಜಾತಿ ಎಂದು ಅಂದೇ ಗೊತ್ತಾಯಿತು.

ಕಳೆದ ಭಾನುವಾರ ಕೊಡೆ ಹಿಡಿದು ಊರು ಸುತ್ತಲು ಹೊರಟೆ. ಇಸ್ತ್ರಿ ಅಕ್ಕ ಜೊತೆಗೆ ಬಂದಳು. ನೀನು ಹೋದಮೇಲೆ ಅವಳ ಬಾಯಿಗೆ ಲಗಾಮೇ ಇಲ್ಲ. 'ದೊಡ್ಡಮ್ಮ ಹೂವಿನ ಹಿಂದೆ ಹೊರಟರು, ಈ ವಯಸ್ಸಲ್ಲಿ ಯಾರಿಗೆ ಮುಡಿಸೋಕೆ' ಎಂದು ದಾರಿಯುದ್ದಕ್ಕೂ ತಮಾಷೆ. ನಾನು ಗದರಿದಷ್ಟೂ ಜಾಸ್ತಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಹೂವಿದೆ. ಲಾಡ್ಜಿನ ಹಿಂಬಾಗಿಲಲ್ಲಿದೆ, ಮುಂಬಾಗಿಲಲ್ಲಿ ಇಲ್ಲ. ವ್ಯಾಯಾಮ ಶಾಲೆಯ ಮೆಟ್ಟಿಲಲ್ಲಿ ಪೊದೆಯೇ ಆಗಿದೆ, ಗಂಡುಹುಡುಗರು ಅದನ್ನು ದಾಟಿಕೊಂಡು ಹೋಗುತ್ತಾರೆ. ನಮಗೆ ಬಟ್ಟೆ ಕೊಡದ ಎದುರಿನ ಹೊಸ ಲಾಡ್ಜಿನಲ್ಲಿ ಹುಡುಕಿದರೂ ಒಂದು ಎಲೆ ಇಲ್ಲ. ನೋಡುತ್ತಾ ನೋಡುತ್ತಾ ನನ್ನ ಹೆಜ್ಜೆ ನಿಧಾನವಾಯಿತು. ನಾನು ನಡೆಯುತ್ತಿದ್ದದ್ದು ನಮ್ಮ ವ್ಯಾನಿನ ದಾರಿ. ಗಿರಾಕಿಗಳ ಮನೆಬಾಗಿಲನ್ನು ಒಂದೊಂದಾಗಿ ಹೂವೇ ತೋರಿಸುತ್ತಿತ್ತು.

ಆದರೆ ಒಂದು ಕಡೆ ಲೆಕ್ಕ ತಪ್ಪುತ್ತಿತ್ತು. ವಕೀಲರ ಮನೆ ನಮ್ಮ ಹಳೆಯ ಗಿರಾಕಿ, ವ್ಯಾನು ವಾರ ವಾರವೂ ಹೋಗುತ್ತದೆ. ಅಲ್ಲಿ ಒಂದೂ ಇಲ್ಲ. ಬ್ಯಾಂಕಿನ ಮ್ಯಾನೇಜರರ ಮನೆಯಲ್ಲೂ ಇಲ್ಲ. ಬೀಜ ಹೊತ್ತು ತಂದದ್ದು ವ್ಯಾನಿನ ಚಕ್ರವಾಗಿದ್ದರೆ ಅಲ್ಲೂ ಇರಬೇಕಿತ್ತಲ್ಲ? ವಕೀಲರ ಗೇಟಿನ ಮುಂದೆ ಕೊಡೆ ಊರಿ ನಿಂತುಬಿಟ್ಟೆ. ಇಸ್ತ್ರಿ ಅಕ್ಕ ಕಾಲು ನೋವೆಂದು ಕಟ್ಟೆಯ ಮೇಲೆ ಕೂತವಳು, 'ಇಲ್ಲೆಲ್ಲಿ ಬರುತ್ತೆ ದೊಡ್ಡಮ್ಮ, ಇವರ ಬಟ್ಟೆ ನನ್ನ ಕೈ ದಾಟಿ ಬರೋದು. ನನ್ನ ಇಸ್ತ್ರಿ ಪೆಟ್ಟಿಗೆ ಕೆಳಗೆ ಸಿಕ್ಕಿದ್ದು ಯಾವುದೂ ಮತ್ತೆ ತಲೆ ಎತ್ತಲ್ಲ, ಬೇಕಾದ್ರೆ ನನ್ನ ಗಂಡನ್ನ ಕೇಳಿ' ಎಂದು ನಕ್ಕಳು. ಅವಳು ನಗಲು ಹೇಳಿದ್ದು. ನನಗೆ ಅದರಲ್ಲೇ ಉತ್ತರ ಸಿಕ್ಕಿತು. ಇಸ್ತ್ರಿ ಮಾಡಿ ಕಳಿಸುವ ಕಡೆ ಹೂವಿಲ್ಲ. ಆಸ್ಪತ್ರೆಯ ಶೀಟು, ಸಲೂನಿನ ಟವಲು, ವ್ಯಾಯಾಮ ಶಾಲೆಯ ಟವಲು, ಲಾಡ್ಜಿನ ಹೊದಿಕೆ, ಇವೆಲ್ಲ ಬಯಲಿನಿಂದ ತೆಗೆದು ಮಡಿಚಿ ಹಾಗೇ ಕಳಿಸುವಂಥವು.

ಮನೆಗೆ ಬಂದವಳೇ ನಡುಮನೆಯಲ್ಲಿ ಬಿಳಿ ಶೀಟು ಹಾಸಿಸಿದೆ. ಅವತ್ತು ಬಯಲಿನಿಂದ ತಂದ ಟವಲೊಂದನ್ನು ಎರಡು ತುದಿ ಹಿಡಿದು ಅದರ ಮೇಲೆ ಕೊಡವಿದೆ. ನಮ್ಮ ಮನೆಯ ಪದ್ಧತಿಯಂತೆ ಮೂರು ಸಲ. ಜೀರಿಗೆ ಚೆಲ್ಲಿದ ಹಾಗೆ ಉದುರಿತು.

ಆ ಮೂರು ಸಲದ ಕಥೆ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನನ್ನ ಅತ್ತೆಯ ಕಾಲದಲ್ಲಿ ಯಾರೋ ಗಿರಾಕಿ ಬಟ್ಟೆಯ ಮಡಿಕೆಯಲ್ಲಿ ಸೂಜಿ ಇತ್ತು ಎಂದು ಬೀದಿಯಲ್ಲಿ ಕೂಗಾಡಿದನಂತೆ. ಅವತ್ತಿನಿಂದ ಅವರು ಗಿರಾಕಿಯ ಬಾಗಿಲಲ್ಲೇ ಬಟ್ಟೆ ಬಿಡಿಸಿ, ಅವನ ಕಣ್ಣೆದುರೇ ಮೂರು ಸಲ ಪಟ್ ಪಟ್ ಪಟ್ ಎಂದು ಕೊಡವಿ, ಮತ್ತೆ ಮಡಿಚಿ ಕೊಡುವುದನ್ನು ಶುರುಮಾಡಿದರು. ನಾನೂ ಹಾಗೇ ಮಾಡಿದೆ, ನನ್ನ ಮಗನಿಗೂ ಕಲಿಸಿದೆ. ಈ ಊರಿನಲ್ಲಿ ಬಟ್ಟೆ ಒಗೆಯುವವರು ಬೇಕಾದಷ್ಟು ಜನ ಇದ್ದಾರೆ, ಕೊಡವಿ ಕೊಡುವ ಮನೆ ನಮ್ಮದೊಂದೇ. ನೀನು ಹೊಸದರಲ್ಲಿ, 'ಎಲ್ಲಾ ಬಾಗಿಲಲ್ಲೂ ನಿಂತು ಕೊಡವುತ್ತಾ ಇದ್ರೆ ಟೈಮ್ ಹಾಳಲ್ವಾ ಅತ್ತೆ' ಅಂದಾಗ ನಾನು ಒಂದು ಹೊತ್ತು ಮಾತು ಬಿಟ್ಟಿದ್ದೆ.

ಮಾರನೆಯ ದಿನ ಸಲೂನಿನ ಎದುರು ಬದಿಯಲ್ಲಿ ನನ್ನ ಮಗನಿಗೆ ಕಾಣದಂತೆ ನಿಂತೆ. ವ್ಯಾನು ಬಂತು. ನಿನ್ನ ಗಂಡ ಇಳಿದ, ಗಂಟು ಬಿಚ್ಚಿದ, ಬಾಗಿಲ ಮುಂದೆ ನೆಟ್ಟಗೆ ನಿಂತು ಟವಲು ಹಿಡಿದು ಕೊಡವಿದ. ಅಬ್ಬ, ಏನು ಗತ್ತು! ನನ್ನ ಅತ್ತೆಯ ಕತ್ತಿನ ಠೀವಿಯೇ. ಮನೆಯಲ್ಲಿ ಯಾವುದಕ್ಕೂ ಬಿಡಮ್ಮ ಅನ್ನುವ ಹುಡುಗ ಅಲ್ಲಿ ಒಂದು ಸಲ ಕೊಡವುವುದನ್ನೂ ಬಿಡಲಿಲ್ಲ. ಬಿಸಿಲಿನಲ್ಲಿ ಕಪ್ಪು ಸೂಜಿಗಳು ಮಿಂಚಿ ಮೆಟ್ಟಿಲ ಬಿರುಕಿಗೆ ಬಿದ್ದದ್ದನ್ನು ಈ ಕಣ್ಣಿಂದ ನೋಡಿದೆ. ನನಗೆ ಹೆಮ್ಮೆಯೂ ಆಯಿತು, ದಿಗಿಲೂ ಆಯಿತು. ಗಾಳಿಯಿಂದ, ನೀರಿನಿಂದ, ಪ್ರಾಣಿ ಪಕ್ಷಿಗಳಿಂದ ಎಂದು ಪಾಠದಲ್ಲಿತ್ತು. ಲಾಂಡ್ರಿಯಿಂದ ಎಂದು ಇರಲಿಲ್ಲ.

ಇದು ಬರೀ ನನ್ನ ಕುತೂಹಲದ ಮಾತಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬುಧವಾರ ಆಸ್ಪತ್ರೆಯ ಮೇಟ್ರನ್ ಕರೆಸಿದರು. ಮೇಜಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಅದೇ ಬೀಜ. 'ದೊಡ್ಡಮ್ಮ, ಆಪರೇಷನ್ ಆಗಿ ಮಲಗಿರೋರಿಗೆ ಬೆನ್ನಿಗೆ ಚುಚ್ಚುತ್ತೆ ಅಂತಾರೆ. ನಿಮ್ಮ ಮನೆ ಬಟ್ಟೆ ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ. ಮುಂದಿನ ತಿಂಗಳೂ ಹೀಗೇ ಆದ್ರೆ ಬೇರೆಯವರಿಗೆ ಕೊಡ್ತೀವಿ' ಅಂದರು. ಆಸ್ಪತ್ರೆಯ ಕೆಲಸ ಹೋದರೆ ಮನೆಯ ಬೆನ್ನುಮೂಳೆ ಹೋದ ಹಾಗೆ, ನಿನಗೆ ನಾನು ಹೇಳಬೇಕಾಗಿಲ್ಲ. ನಾನು ಅಂಥಾ ಮಾತನ್ನು ಯಾರಿಂದಲೂ ಕೇಳಿದವಳಲ್ಲ. ತಟ್ಟೆಯನ್ನು ನೋಡುತ್ತಾ 'ಆಗಲಿ' ಎಂದು ಎದ್ದು ಬಂದೆ.

ಹಿಂದೆಯೇ ನಗರಸಭೆಯ ತೋಟದ ಅಧಿಕಾರಿ ಮನೆಗೇ ಬಂದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೆಲಸದಲ್ಲಿ ಚುರುಕು. ಕೆರೆಯ ದಂಡೆಯವರೆಗೂ ಹಬ್ಬಿದೆಯಂತೆ, ಅಲ್ಲಿದ್ದ ಹುಲ್ಲನ್ನೆಲ್ಲ ಮುಚ್ಚಿ ಹಾಕಿ ದನಕರುಗಳಿಗೆ ಮೇವಿಲ್ಲವಂತೆ. ಜನ ಅದನ್ನು ಲಾಂಡ್ರಿ ಕಳೆ ಅನ್ನುತ್ತಾರೆ ಎಂದು ಹೇಳುವಾಗ ಅವಳಿಗೇ ಸಂಕೋಚವಾಯಿತು. 'ಇದು ಹಕ್ಕಿಗಳಿಂದ ಬಂದಿರಬಹುದು' ಅಂದಳು. ನಾನು ಅವಳನ್ನು ನಡುಮನೆಗೆ ಕರೆದು ಇನ್ನೊಂದು ಟವಲು ಕೊಡವಿ ತೋರಿಸಿದೆ. ಉದುರಿದ್ದನ್ನು ಬಗ್ಗಿ ನೋಡಿದಳು. 'ಮೊದಲು ಇದನ್ನ ತಂದವರು ಯಾರು ಅಮ್ಮ' ಎಂದು ಕೇಳಿದಳು. ಇಸ್ತ್ರಿ ಅಕ್ಕ ಬಾಗಿಲಲ್ಲಿ ನಿಂತು ಬಾಯಿ ಹಾಕಲು ಸಿದ್ಧವಾಗಿದ್ದಳು. 'ನಮ್ಮನೇದು' ಅಂದೆ. ಹೂವು ಚೆಂದ ಅಂದಾಗ ಏನು ಹೇಳಿದ್ದೆನೋ ಅದೇ. ನೀನು ಇಟ್ಟದ್ದು ಒಂದು ಡಬ್ಬದಲ್ಲಿ. ಊರೆಲ್ಲ ಹಂಚಿದ್ದು ಈ ಮನೆಯ ಪದ್ಧತಿ. ಅವಳು ಬರೆದುಕೊಂಡಳು, ಅಷ್ಟೆ.

ಮದ್ದು ಹೊಡೆಸುತ್ತೇವೆ ಅಂದಳು. ರೋಗಿಗಳು ಮೈಗೆ ಹೊದೆಯುವ ಬಟ್ಟೆ ಒಣಗುವ ನೆಲಕ್ಕೆ ವಿಷವೆ? ನಾವೇ ಕೀಳುತ್ತೇವೆ ಅಂದೆ. ನಿನ್ನೆ ಒಂದು ದಿನ ಕೆಲಸ ನಿಲ್ಲಿಸಿ, ಒಗೆಯುವವರು, ಹಿಂಡುವವರು, ಮಡಿಚುವವರು ಎಲ್ಲರೂ ಬಯಲಿಗೆ ಇಳಿದೆವು. ನಾನು ಕುರ್ಚಿ ಹಾಕಿಕೊಂಡು ಕುಳಿತೇ ಕಿತ್ತೆ. ಬೇರು ಸಲೀಸಾಗಿ ಬರುತ್ತದೆ, ಜಗಳವಾಡುವುದಿಲ್ಲ, ಅದು ಆಶ್ಚರ್ಯ. ಇಷ್ಟು ಹಬ್ಬುವ ಗಿಡ ನೆಲವನ್ನು ಇಷ್ಟು ಸಡಿಲವಾಗಿ ಹಿಡಿದಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ನಿನ್ನ ಗಂಡ ತಲೆ ಎತ್ತದೆ ಕೀಳುತ್ತಿದ್ದ. ಗೇಟಿನ ಬಳಿಯ ಡಬ್ಬದ ಹತ್ತಿರ ಬಂದಾಗ ಮಾತ್ರ ನನ್ನ ಮುಖ ನೋಡಿದ. 'ಅದರ ಹೂವು ಮಾತ್ರ ಚಿವುಟು' ಅಂದೆ. ಈಗ ಡಬ್ಬ ಅಡುಗೆಮನೆಯ ಕಿಟಕಿಯಲ್ಲಿದೆ, ಅರಳಿದ ಹೂವನ್ನು ಬೀಜ ಕಟ್ಟುವ ಮುಂಚೆ ನಾನೇ ಕತ್ತರಿಸುತ್ತೇನೆ. ಅಧಿಕಾರಿಗೆ ಹೇಳಿಲ್ಲ.

ಕಿತ್ತವರ ಕೈಯೆಲ್ಲ ಕಿತ್ತಳೆ ಬಣ್ಣ. ಸೋಪು ಹಾಕಿದೆವು, ಸೋಡಾ ಹಾಕಿದೆವು, ಹೋಗಲಿಲ್ಲ. ಒಗೆಯುವ ಮನೆಯಲ್ಲಿ ಹೋಗದ ಕಲೆ ಎಂದರೆ ನನಗೆ ಸುಮ್ಮನಿರಲು ಆಗುತ್ತದೆಯೆ? ಒಂದು ಪಾತ್ರೆ ತುಂಬ ಹೂವು ಕುದಿಸಿ ಹಳೆಯ ದಿಂಬಿನ ಚೀಲವನ್ನು ಅದ್ದಿದೆ. ಬಂದ ಬಣ್ಣ ನೋಡಲೆಂದು ಒಂದು ತುಂಡು ಈ ಕಾಗದದೊಳಗೆ ಇಟ್ಟಿದ್ದೇನೆ. ಹೆದರಬೇಡ, ಇಸ್ತ್ರಿ ಅಕ್ಕ ಎರಡೂ ಬದಿ ಇಸ್ತ್ರಿ ಹಾಕಿದ್ದಾಳೆ.

ಆದರೆ ಅಧಿಕಾರಿ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. ಬಿದ್ದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದಂತೆ. ಈ ಸಲ ಕಿತ್ತೆವು, ಮಳೆ ಬಿದ್ದರೆ ಮತ್ತೆ ಬರುತ್ತದೆ. ಇನ್ನು ಕೆಲವು ವರ್ಷ ಆ ಬಯಲಿನಲ್ಲಿ ಆಸ್ಪತ್ರೆಯ ಬಟ್ಟೆ ಒಣಗಿಸುವ ಹಾಗಿಲ್ಲ ಎಂದು ನಾನೇ ತೀರ್ಮಾನಿಸಿದೆ. ಮೇಟ್ರನ್ ಹೇಳುವವರೆಗೆ ಕಾಯುವವಳಲ್ಲ. ಸದ್ಯಕ್ಕೆ ನಡುಮನೆ, ಜಗಲಿ, ನಿನ್ನ ಕೋಣೆ, ಎಲ್ಲ ಕಡೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೇವೆ. ರಾತ್ರಿ ಊಟಕ್ಕೆ ಬರಬೇಕಾದರೆ ಹತ್ತು ಒದ್ದೆ ಶೀಟು ಮುಖಕ್ಕೆ ಬಡಿಸಿಕೊಂಡು ಬರಬೇಕು. ಕೊಡವುವುದನ್ನು ಬಿಟ್ಟಿಲ್ಲ, ಜಾಗ ಬದಲಿಸಿದ್ದೇನೆ. ಇನ್ನು ಮೇಲೆ ಮನೆಯೊಳಗೇ ಬಿಳಿ ಶೀಟಿನ ಮೇಲೆ ಮೂರು ಸಲ ಕೊಡವಿ, ಉದುರಿದ್ದನ್ನು ಒಲೆಗೆ ಹಾಕಿ, ಆಮೇಲೆ ಗಂಟು ಕಟ್ಟುವುದು. ಬಾಗಿಲಲ್ಲಿ ಸುಮ್ಮನೆ ಕೊಟ್ಟು ಬರುವುದು. ಇದನ್ನು ಹೇಳಿದಾಗ ನಿನ್ನ ಗಂಡ, 'ಸುಮ್ನೆ ಕೊಟ್ಟು ಬಂದ್ರೆ ಎಲ್ಲರ ಹಾಗೇ ಆಗಲ್ವಾ ನಾವು' ಎಂದು ಕೇಳಿದ. ಬಿಡಮ್ಮ ಅನ್ನಲಿಲ್ಲ, ನೋಡು. ಬಟ್ಟೆ ಚೊಕ್ಕಟವಾಗಿದ್ದರೆ ಯಾರ ಹಾಗೂ ಆಗುವುದಿಲ್ಲ ಅಂದೆ. ನನ್ನ ಅತ್ತೆ ಇದ್ದಿದ್ದರೆ ಒಪ್ಪುತ್ತಿದ್ದರೆ? ಯೋಚಿಸಿದೆ. ಅವರು ಕೊಡವಿದ್ದು ಸೂಜಿ ಬೀಳಲೆಂದು. ಗಿರಾಕಿಯ ಬಾಗಿಲಿಗೆ ಸೂಜಿ ಕಳಿಸಲೆಂದಲ್ಲ. ಒಪ್ಪುತ್ತಿದ್ದರು.

ಒಂದು ವಿಷಯ ಮರೆಯದೆ ನೋಡಿ ಬರೆ. ಹೊರಡುವಾಗ ನಿನ್ನ ಪೆಟ್ಟಿಗೆಯಲ್ಲಿ ಎರಡು ಹೊದಿಕೆ ಇಟ್ಟಿದ್ದೆನಲ್ಲ, ಅವು ಬಯಲಿನಿಂದ ತಂದವು, ಇಸ್ತ್ರಿ ಇಲ್ಲದವು. ನೀನು ಅಲ್ಲಿ ಎಲ್ಲಿ ನಿಂತು ಕೊಡವಿದೆಯೋ ಅಲ್ಲಿ ಕಿಟಕಿಯ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ನಲ್ಲಿಯ ಪಕ್ಕ ನೋಡು. ಹುಟ್ಟಿದೆಯೆ? ಎಷ್ಟು ಎತ್ತರ? ಅಲ್ಲಿಯ ಮಣ್ಣಿಗೂ ಬಣ್ಣ ಇದೇ ಬರುತ್ತದೆಯೆ? ನನಗೆ ನಿಜವಾಗಿ ತಿಳಿಯುವ ಆಸೆ. ನೋಡಿದಮೇಲೆ ಬೀಜವಾಗುವ ಮುಂಚೆ ಕಿತ್ತುಬಿಡು, ಆ ಊರಿನವರಿಗೂ ನಮ್ಮ ಹೆಸರು ಬೇಡ.

ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತು ಕೆಲಸ ಮಾಡುವವಳು, ಕಾಲನ್ನು ಗೋಡೆಗೆ ಎತ್ತಿಟ್ಟು ಸ್ವಲ್ಪ ಹೊತ್ತು ಮಲಗು. ಒಳ್ಳೆಯದಾಗಲಿ.

ಇತಿ,
ನಿನ್ನ ಅತ್ತೆ

ವಿ.ಸೂ.: ನಿನ್ನ ಗಂಡ ಕಾಗದವನ್ನು ಅಂಚೆ ಡಬ್ಬಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಹೋಗುವ ಮುಂಚೆ ಒಣಗಿಸುವ ಯಂತ್ರ ತರೋಣ ಅಂದಿದ್ದೆ, ಬಿಸಿಲಿರುವಾಗ ಯಂತ್ರ ಯಾಕೆ ಎಂದು ನಾನೇ ಬೇಡ ಅಂದಿದ್ದೆ. ಅದು ಎಷ್ಟು ಅಗಲ, ಎಷ್ಟು ಎತ್ತರ, ಅಳತೆ ಬರೆದು ಕಳಿಸು. ಇಸ್ತ್ರಿ ಕೋಣೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿಸಿದ್ದೇನೆ. ಬಾಗಿಲು ಸಾಲದಿದ್ದರೆ ಗೋಡೆ ಒಡೆಸುತ್ತೇನೆ. ಅದನ್ನು ನಡೆಸಲು ನನಗೆ ಬರುವುದಿಲ್ಲ, ನಿನ್ನ ಗಂಡನ ಕೈಗೆ ಕೊಟ್ಟರೆ ಬಿಡಮ್ಮ ಅನ್ನುತ್ತಾನೆ, ಹೊರಗಿನವರನ್ನು ನಾನು ಮುಟ್ಟಗೊಡುವುದಿಲ್ಲ. ನೀನು ಕೇಳಿಲ್ಲ, ತಿಳಿಸಿದ್ದೀಯ ಎಂದು ಮೇಲೆ ಬರೆದೆ. ನಾನು ತಿಳಿಸುತ್ತಿಲ್ಲ, ಕೇಳುತ್ತಿದ್ದೇನೆ. ತಿಂಗಳ ಕೊನೆಯೊಳಗೆ ಉತ್ತರ ಬರೆ.